ನಲವತ್ತೊಂದನೇ ನಂಬರಿನ ಮನೆ ಖಾಲಿ ಇರಲಿಲ್ಲ

ನನ್ನಪ್ಪನ ಹೆಣವನ್ನು ಓಣಿಯ ಬಾಯಲ್ಲೇ ಇಳಿಸಿದರು. ಇಪ್ಪತ್ತು ಹೆಜ್ಜೆ ನಡೆದಿದ್ದರೆ ಮನೆ. ಆ ಇಪ್ಪತ್ತು ಹೆಜ್ಜೆ ನಡೆಯಲು ಬಿಡಲಿಲ್ಲ.

ಮನೆ ಮಾಲೀಕ ದುರ್ಗಾಪ್ರಸಾದ್ ಲುಂಗಿ ಎತ್ತಿ ಕಟ್ಟಿ, ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ದನ ತಡೆಯುವವನ ಹಾಗೆ.

“ಒಳಗೆ ತರಬೇಡಿ ಬಾಬೂ. ಬಾಡಿಗೆ ಮನೆಗೆ ಹೆಣ ಬರಕೂಡದು. ಇದು ಈ ಊರಿನ ಪದ್ಧತಿ. ಬೇಕಾದರೆ ಯಾರನ್ನಾದರೂ ಕೇಳಿ.”

ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಂತವರೆಲ್ಲ ತಲೆ ತಗ್ಗಿಸಿದ್ದರು. ಅವರೂ ಬಾಡಿಗೆಯವರೇ. ಅವರ ಮನೆಯ ಹೆಣಗಳೂ ಬೀದಿಯಿಂದಲೇ ಹೋಗಿದ್ದವು.

ಆಸ್ಪತ್ರೆಯ ವ್ಯಾನಿನವನಿಗೆ ಅವಸರ. ಸ್ಟ್ರೆಚರ್ ಎಳೆದುಕೊಂಡು ಹೊರಟೇಹೋದ. ಅಪ್ಪ ಬೀದಿ ನಲ್ಲಿಯ ಪಕ್ಕ, ಎರಡು ಸಿಮೆಂಟ್ ಚೀಲದ ಮೇಲೆ ಮಲಗಿದ. ಅದು ನೀರು ಬರುವ ಹೊತ್ತು. ಕೊಡ ತುಂಬಿಸುವವರು ಸುತ್ತು ಹಾಕಿ ನಿಂತರು. ನಲ್ಲಿಯಿಂದ ಚಿಮ್ಮಿದ ನೀರು ಅಪ್ಪನ ಕಾಲಿಗೆ ಬೀಳುತ್ತಿತ್ತು. ಅವ್ವ ತನ್ನ ಸೆರಗಿನಿಂದ ಒರೆಸುತ್ತಿದ್ದಳು. ಮತ್ತೆ ಬೀಳುತ್ತಿತ್ತು. ಮತ್ತೆ ಒರೆಸುತ್ತಿದ್ದಳು.

ನಾವು ರಾಯಚೂರು ಕಡೆಯವರು, ಮಾನ್ವಿ ತಾಲೂಕು. ವಿಶಾಖಪಟ್ಟಣಕ್ಕೆ ಬಂದದ್ದು ಟೆಲಿಫೋನ್ ಕೇಬಲ್ ಹೂಳುವ ಗ್ಯಾಂಗಿನ ಜೊತೆ. ಆಗ ನಾನು ಏಳನೇ ಇಯತ್ತೆ. ಪುಸ್ತಕ ಊರಲ್ಲೇ ಬಿಟ್ಟೆ, ಸಲಿಕೆ ಹಿಡಿದೆ. ದ್ವಾರಕಾ ನಗರದ ಬ್ಯಾಂಕು, ಹೋಟೆಲು, ಬಟ್ಟೆ ಅಂಗಡಿಗಳಿಗೆಲ್ಲ ಫೋನು ಹೋದದ್ದು ನಾವು ತೋಡಿದ ಗುಂಡಿಯಲ್ಲಿ. ಆ ಅಂಗಡಿಗಳ ಬೆನ್ನಿಗೇ ತಾಟಿಗುಂಟ. ಒಂದು ಕಾಲಕ್ಕೆ ಕೆರೆಯಂತೆ. ನಾವು ಕಂಡದ್ದು ಚರಂಡಿ, ಕಲ್ನಾರು ಶೀಟಿನ ಕೋಣೆಗಳ ಸಾಲು. ದುರ್ಗಾಪ್ರಸಾದನದು ಎಂಟು ಕೋಣೆ. ನಮ್ಮದು ನಲವತ್ತೊಂದನೇ ನಂಬರು. ಆರು ವರ್ಷ ಅಲ್ಲೇ ಇದ್ದೆವು.

ಅನಕಾಪಲ್ಲಿ ರಸ್ತೆಯಲ್ಲಿ ಅಪ್ಪನ ಹಾರೆ ಕರೆಂಟಿನ ಕೇಬಲ್‌ಗೆ ಬಡಿಯಿತು. ನೆಲದೊಳಗೆ ಕರೆಂಟು ಇದೆ ಅಂತ ಯಾರೂ ಹೇಳಿರಲಿಲ್ಲ. ಎರಡೂ ಅಂಗೈ ಬೆಂದು ಹಾರೆಗೆ ಅಂಟಿಕೊಂಡಿದ್ದವು. ನಾಲ್ಕು ದಿನ ಬದುಕಿದ. ಎರಡು ಸಾವಿರದ ಏಳನೇ ಇಸವಿ, ಸಂಕ್ರಾಂತಿ ಮುಗಿದು ಒಂದು ವಾರ.

ಅಪ್ಪನನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ದುರ್ಗಾಪ್ರಸಾದ್ ಒಬ್ಬ ಪುರೋಹಿತನನ್ನು ಕರೆತಂದಿದ್ದ. ಪುರೋಹಿತ ಓಣಿಯೊಳಗೆ ಕಾಲಿಡಲಿಲ್ಲ. ರಸ್ತೆಯಲ್ಲೇ ಸ್ಕೂಟರಿನ ಮೇಲೆ ಕೂತು ಪಂಚಾಂಗ ತಿರುವಿದ.

“ಧನಿಷ್ಠಾ ನಕ್ಷತ್ರ. ಆರು ತಿಂಗಳು ಆ ಮನೆಗೆ ಬೀಗ. ಒಲೆ ಹಚ್ಚಕೂಡದು, ದೀಪ ಹಚ್ಚಕೂಡದು, ಬಾಗಿಲು ತೆಗೆಯಕೂಡದು. ತೆಗೆದರೆ ಸತ್ತವನು ಅದೇ ಮನೆಯ ಇನ್ನೊಬ್ಬರನ್ನ ಕರ್ಕೊಂಡು ಹೋಗ್ತಾನೆ.”

ಅವ್ವ ನನ್ನ ಮುಖ ನೋಡಿದಳು. ಆ ಮನೆಯಲ್ಲಿ ಉಳಿದಿದ್ದ ಇನ್ನೊಬ್ಬ ನಾನೇ.

ನಮ್ಮ ಕೇರಿಯಲ್ಲಿ ಸತ್ತವರಿಗೆ ನಕ್ಷತ್ರ ನೋಡುವವರಿಲ್ಲ. ನೋಡಲು ಯಾವ ಐನೋರು ಬರುತ್ತಾರೆ? ಅದೆಲ್ಲ ಊರೊಳಗಿನ ದೊಡ್ಡ ಮನೆಗಳ ಶಾಸ್ತ್ರ. ನಮ್ಮನ್ನು ಗುಡಿಯ ಮೆಟ್ಟಿಲು ಹತ್ತಿಸದವರ ಶಾಸ್ತ್ರ ನಮ್ಮ ಹೆಣಕ್ಕೆ ಮಾತ್ರ ಸರಿಹೊಂದಿತು. ನಾನು ಹಾಗೆ ಹೇಳಬೇಕಿತ್ತು. ಹೇಳಲಿಲ್ಲ. ಅವ್ವ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬೀಗ ಹಾಕಿದ್ದು ನಾನೇ. ಬಾಗಿಲಿಗೆ ಅಡ್ಡ ಜಾಲಿಮುಳ್ಳು ಕಟ್ಟಿದ್ದೂ ನಾನೇ.

“ಮತ್ತೆ ಬಾಡಿಗೆ?” ಅಂತ ಕೇಳಿದೆ.

“ಸಾಮಾನು ಒಳಗಿದೆಯಲ್ಲ ಬಾಬೂ,” ಅಂದ ದುರ್ಗಾಪ್ರಸಾದ್. “ಸಾಮಾನು ಇದ್ದ ಮೇಲೆ ಬಾಡಿಗೆ ನಡೀತದೆ. ನಾನೇನು ನಿಮ್ಮನ್ನ ಖಾಲಿ ಮಾಡಿ ಅಂದೆನಾ? ನನ್ನ ಬಾಯಿಂದ ಆ ಮಾತು ಬಂತಾ?”

ಬರಲಿಲ್ಲ. ಕೋಣೆಯ ಹೊರಗೋಡೆಗೆ ನೀಲಿ ಟಾರ್ಪಾಲು ಕಟ್ಟಿಕೊಂಡೆವು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಚರಂಡಿ. ನಡುವೆ ಅವ್ವ, ನಾನು, ಒಂದು ಸೀಮೆಎಣ್ಣೆ ಸ್ಟೋವು. ತಿಂಗಳ ಮೊದಲ ವಾರ ದುರ್ಗಾಪ್ರಸಾದ್ ಬರುತ್ತಿದ್ದ. ಟಾರ್ಪಾಲಿನ ಹೊರಗೆ ನಿಂತು ಕೆಮ್ಮುತ್ತಿದ್ದ. ಬೀಗ ಹಾಕಿದ ಕೋಣೆಯ ಬಾಡಿಗೆಯನ್ನು ಬೀದಿಯಲ್ಲಿ ಮಲಗಿದವರ ಕೈಯಿಂದ ಇಸಿದುಕೊಂಡು ಹೋಗುತ್ತಿದ್ದ.

ಸರ್ವೆಯವರು ಬಂದದ್ದು ಏಪ್ರಿಲ್‌ನಲ್ಲಿ.

ಪಕ್ಕದ ನಲವತ್ತನೇ ನಂಬರಿನಲ್ಲಿ ಪದ್ಮಾ ಇದ್ದಳು. ರೈಲ್ವೆ ಸ್ಟೇಷನ್ ಎದುರು ಹೂವು ಮಾರುವವಳು. ಬಾಯಿ ಜೋರು. ಸುದ್ದಿ ಮೊದಲು ತಂದವಳು ಅವಳೇ. ತಾಟಿಗುಂಟ ಪೂರ್ತಿ ಒಡೆಯುತ್ತಾರೆ. ರಸ್ತೆ ಕಡೆಗೆ ಶಾಪಿಂಗ್ ಕಾಂಪ್ಲೆಕ್ಸು ಬರುತ್ತದೆ. ಹಿಂದೆ ಬಡವರಿಗೆ ನಾಲ್ಕು ಅಂತಸ್ತಿನ ಕಟ್ಟಡ. ಸರ್ವೆಯ ದಿನ ಬಾಗಿಲೊಳಗೆ ಯಾರು ವಾಸ ಇದ್ದಾರೋ ಅವರ ಹೆಸರಿಗೆ ಒಂದು ಫ್ಲಾಟು, ಬಾಡಿಗೆಯವರಾದರೂ ಸರಿ. ಮಾಲೀಕನಿಗೆ ನೆಲದ ದುಡ್ಡು ಬೇರೆ ಕೊಡುತ್ತಾರೆ.

“ಬಾಡಿಗೆಯವರಾದರೂ ಸರಿ,” ಅಂತ ಪದ್ಮಾ ಮೂರು ಸಲ ಹೇಳಿದಳು. “ನಿಂಗೂ, ನಂಗೂ. ಆ ದುರ್ಗಾಪ್ರಸಾದನ ಹೊಟ್ಟೆ ಉರೀಲಿ.”

ಅವನ ಹೊಟ್ಟೆ ಉರಿಯಲಿಲ್ಲ. ಅವನು ಮನೆಮನೆಗೆ ಹೋದ. ಸರ್ವೆಯವರು ಕೇಳಿದರೆ ಬಾಡಿಗೆಯವರು ಅನ್ನಬೇಡಿ, ನನ್ನ ನೆಂಟರು ಅನ್ನಿ, ಹಾಗಂದರೆ ಕೆಲಸ ಬೇಗ ಆಗುತ್ತದೆ ಅಂದ. ಪದ್ಮಾಗೂ ಹೇಳಿದ, “ನನ್ನ ಅಕ್ಕನ ಮಗಳು ಅನ್ನು.” ಪದ್ಮಾ ಹಾಗೇ ಅಂದಳು. ಅವಳಿಗೆ ಅವನು ಒಂದು ಸೀರೆಯನ್ನೂ ಕೊಟ್ಟಿದ್ದ. ನಮಗೆ ಅವನು ಏನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಪೈಪು ಬಂದಿರಲಿಲ್ಲ ಅಂತ ಆ ದಿನ ಗ್ಯಾಂಗಿಗೆ ಕೆಲಸ ಇರಲಿಲ್ಲ. ನಾನು ಅಲ್ಲೇ ಇದ್ದೆ. ಹತ್ತು ಗಂಟೆಗೆ ಆಫೀಸರ್ ಕೃಷ್ಣಪ್ರಸಾದ ಬಂದ. ಜೊತೆಗೆ ಶ್ರಾವಣಿ ಅಂತ ಒಬ್ಬ ಹುಡುಗಿ, ಕೈಯಲ್ಲಿ ಕ್ಯಾಮೆರಾ, ಕಂಕುಳಲ್ಲಿ ಫಾರಮ್ಮಿನ ಕಟ್ಟು. ನಲವತ್ತೊಂದರ ಮುಂದೆ ನಿಂತರು. ಮುಳ್ಳು ನೋಡಿದರು. ಬೀಗ ನೋಡಿದರು.

“ಇದು ಯಾರ ಬೀಗ?” ಅಂದಳು ಶ್ರಾವಣಿ.

“ನಮ್ದ ತಾಯಿ,” ಅಂದಳು ಅವ್ವ. “ಮನಿ ನಮ್ದ. ನಾವ ಇರಾದು.”

“ಕೀಲಿ?”

ಅವ್ವ ಸೊಂಟದ ಗಂಟು ಮುಟ್ಟಿ ತೋರಿಸಿದಳು. “ಇಲ್ಲೇ ಅದ.”

“ಹಾಗಾದ್ರೆ ತೆಗೀರಿ. ನೀವು ಒಳಗೆ ನಿಂತ ಫೋಟೋ ಬೇಕು. ಸ್ಟೋವು, ಹಾಸಿಗೆ ಕಾಣಬೇಕು.”

ಅವ್ವ ಕದಲಲಿಲ್ಲ. ಅವಳ ತೆಲುಗು ಹರಕು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿದಳು. “ತೆಗೀಬಾರದವ್ವ. ನನ್ನ ಗಂಡ ಕೆಟ್ಟ ನಕ್ಷತ್ರದಾಗ ಹೋಗ್ಯಾನ. ಇನ್ನ ಮೂರು ತಿಂಗಳು ಅದ. ಅದು ಆದ ಮ್ಯಾಲೆ ಬಾ, ತೆಗೀತೀನಿ. ಇವ ಒಬ್ಬನ ಅದಾನ ನನಗ.”

ಕೃಷ್ಣಪ್ರಸಾದ ಗಡಿಯಾರ ನೋಡಿದ. ಅವನಿಗೆ ಮಧ್ಯಾಹ್ನದೊಳಗೆ ಅರವತ್ತು ಬಾಗಿಲು ಮುಗಿಸಬೇಕಿತ್ತು.

“ಅವ್ವಾ, ಕೀಲಿ ಕೊಡು,” ಅಂದೆ ನಾನು.

“ಒಲ್ಲೆ.”

“ಕೊಡಬೇ. ಫೋಟೋ ತಗೊಂಡು ಹೋಗ್ತಾರ, ಮತ್ತ ಹಾಕಿದ್ರಾತು.”

“ನಿನ್ನ ಕಳಕೊಂಡು ಮನಿ ತಗೊಂಡು ನಾ ಏನ್ ಮಾಡ್ಲಿ?” ಸೊಂಟದ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಿತ್ತುಕೊಳ್ಳಬಹುದಿತ್ತು. ದಿನಕ್ಕೆ ಇಪ್ಪತ್ತು ಅಡಿ ಗುಂಡಿ ತೋಡುವ ಕೈ ನನ್ನದು. ನಾನು ಕಿತ್ತುಕೊಳ್ಳಲಿಲ್ಲ. ನನಗೂ ಒಳಗೊಳಗೆ ಹೆದರಿಕೆ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ನಾನೂ ಸುಳ್ಳುಗಾರನಾಗುತ್ತೇನೆ.

ಅಷ್ಟೊತ್ತಿಗೆ ದುರ್ಗಾಪ್ರಸಾದ್ ಬಂದ. ಕೈಯಲ್ಲಿ ಎರಡು ಎಳನೀರು, ಆಫೀಸರಿಗೊಂದು, ಹುಡುಗಿಗೊಂದು.

“ಇವರಾ?” ಅಂದ. “ಪಾಪ, ಬೀದಿ ಜನ ಸಾರ್. ನಾನೇ ದಯೆಯಿಂದ ಗೋಡೆ ಪಕ್ಕ ಟಾರ್ಪಾಲು ಕಟ್ಟಿಕೊಳ್ಳಿ ಅಂದೆ. ಈ ರೂಮು ಖಾಲಿ. ನನ್ನ ಮಗಳು ಹೇಮಾಕ್ಷಿ ಬಂದು ಇರ್ತಾಳೆ ಅಂತ ಇಟ್ಕೊಂಡಿದ್ದೀನಿ.”

“ಏ ಸುಳ್ಳ! ಮೊನ್ನೆ ಬಾಡಿಗಿ ಇಸಗೊಂಡ್ಯಲ್ಲೋ!” ಅಂತ ನಾನು ಮೇಲೆ ಬಿದ್ದೆ.

“ಚೀಟಿ ಇದೆಯಾ?” ಅಂದ ಕೃಷ್ಣಪ್ರಸಾದ.

ಚೀಟಿ. ಚರಂಡಿ ಪಕ್ಕ ಮಲಗಿದವನಿಗೆ ಯಾವನು ಬಾಡಿಗೆ ಚೀಟಿ ಕೊಡುತ್ತಾನೆ?

ಶ್ರಾವಣಿ ಬೀಗದ ಫೋಟೋ ತೆಗೆದಳು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ತೆಲುಗಿನಲ್ಲಿ ಬರೆದರು: ಖಾಲಿ. ಆ ಅಕ್ಷರ ನನಗೆ ಓದಲು ಬರುತ್ತಿತ್ತು. ಅಂಗಡಿಗಳ ಮುಂದೆ ಗುಂಡಿ ತೋಡುತ್ತ, ಬೋರ್ಡು ನೋಡುತ್ತ ಕಲಿತ ತೆಲುಗು. ಬಣ್ಣ ಹಸಿ ಇತ್ತು, ಕೆಳಗೆ ಇಳಿಯುತ್ತಿತ್ತು.

ಜೂನ್ ಕೊನೆಗೆ ಪಟ್ಟಿ ಅಂಟಿಸಿದರು. ನಲವತ್ತೊಂದು: ಹೇಮಾಕ್ಷಿ, ತಂದೆ ದುರ್ಗಾಪ್ರಸಾದ್. ನಲವತ್ತಕ್ಕೂ ಅವನ ಕಡೆಯವರದೇ ಹೆಸರು; ತಾನು ಬಾಡಿಗೆಯವಳಲ್ಲ ಅಂತ ಪದ್ಮಾ ತನ್ನ ಬಾಯಿಂದಲೇ ಹೇಳಿದ್ದಳಲ್ಲ. ಪದ್ಮಾ ಅವನು ಕೊಟ್ಟ ಸೀರೆಯನ್ನು ಚರಂಡಿಗೆ ಎಸೆದು ಅದರ ಮೇಲೆ ಉಗುಳಿದಳು.

ನಾನು ಯೋಜನೆಯ ಆಫೀಸಿಗೆ ಹೋದೆ. ಮೂರು ದಿನ ಹೋದೆ. ಮೂರನೇ ದಿನ ಕೃಷ್ಣಪ್ರಸಾದ ತಲೆ ಎತ್ತಿದ. “ಚೀಟಿ ಇಲ್ಲ, ರೇಷನ್ ಕಾರ್ಡಿಲ್ಲ, ಫೋಟೋದಲ್ಲಿ ಬೀಗ. ನಾನೇನು ಮಾಡಲಿ? ಒಬ್ಬ ದೊಡ್ಡ ಮನುಷ್ಯರ ಪತ್ರ ತಗೊಂಡು ಬಾ. ಬ್ಯಾಂಕ್ ಆಫೀಸರೋ, ಡಾಕ್ಟರೋ. ಇವರು ಇಲ್ಲಿ ವಾಸ ಇದ್ದದ್ದು ನನಗೆ ಗೊತ್ತು ಅಂತ ಬರೆದು ಸಹಿ ಹಾಕಲಿ. ಆಮೇಲೆ ನೋಡ್ತೀನಿ.”

ಅವ್ವನ ಮುಖ ಅರಳಿತು. “ನಮ್ಮ ರಾಮಚಂದ್ರ ಸಾಹೇಬ್ರು ಅದಾರಲ್ಲ!”

ರಾಮಚಂದ್ರ ದ್ವಾರಕಾ ನಗರದ ಬ್ಯಾಂಕಿನ ಆಫೀಸರು. ಹಾಸನದ ಕಡೆಯವರು, ವರ್ಗವಾಗಿ ಬಂದವರು. ಅವ್ವ ಅವರ ಮನೆಯಲ್ಲಿ ಎರಡು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದಳು. ಕನ್ನಡದವರು ಸಿಕ್ಕರು ಅಂತ ಅವ್ವನಿಗೆ ಹೆಮ್ಮೆ. ಕನ್ನಡದ ಕೆಲಸದವಳು ಸಿಕ್ಕಳು ಅಂತ ಅವರ ಹೆಂಡತಿ ಚಿತ್ರಾ ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಮ್ಮ ಕಥೆ ಅವರಿಗೆ ಪೂರ್ತಿ ಗೊತ್ತಿತ್ತು. ಅಪ್ಪ ಸತ್ತಾಗ ಹದಿಮೂರು ದಿನ ಬರಬೇಡ ಅಂದವರೇ ಅವರು.

ನಾನು ಬಾಗಿಲ ಹೊರಗೆ, ಚಪ್ಪಲಿ ಬಿಡುವಲ್ಲಿ ನಿಂತೆ. ಒಳಗೆ ಬಾ ಅನ್ನಲಿಲ್ಲ. ನಿಂತಲ್ಲಿಂದಲೇ ಪತ್ರ ಕೇಳಿದೆ. ಅವ್ವ ಹಿತ್ತಲ ಕಡೆಯ ತೊಟ್ಟಿಯಲ್ಲಿ ಪಾತ್ರೆ ತಿಕ್ಕುತ್ತ ಕಿವಿ ಇಟ್ಟಿದ್ದಳು.

ರಾಮಚಂದ್ರ ಪೇಪರು ಮಡಚಿ ಅವ್ವನ ಕಡೆ ತಿರುಗಿದರು. “ತಾಯಮ್ಮ, ನೀನೇ ಹೇಳು. ಸರ್ವೆ ದಿನ ನೀವು ಮನೆಯೊಳಗೆ ಇದ್ರಾ?”

“ಇಲ್ರಿ ಸಾಹೇಬ್ರ. ಹೊರಗ ಇದ್ವಿ. ನಿಮಗ ಗೊತ್ತಲ್ರಿ.”

“ಅದೇ ನಾನೂ ಹೇಳ್ತಿರೋದು. ಇರ್ಲಿಲ್ಲ. ಇದ್ರು ಅಂತ ನಾನು ಹೇಗಪ್ಪಾ ಬರೆದುಕೊಡ್ಲಿ? ನಮ್ಮ ಸಹಿಗೆ ಒಂದು ಬೆಲೆ ಇದೆ.”

“ಆರು ವರ್ಷ ಇದ್ದಾರ ಅಂತ ಬರೀರಿ,” ಅಂದೆ. “ಅದು ಸುಳ್ಳೇನ್ರಿ?”

“ನೋಡು, ನಾನು ಟ್ರಾನ್ಸ್‌ಫರ್ ಮೇಲೆ ಬಂದಿರೋನು. ಇನ್ನೊಂದು ವರ್ಷ ಇರ್ತೀನಿ, ಹೋಗ್ತೀನಿ. ಇಲ್ಲಿಯ ಗಲಾಟೆ ನಮಗ್ಯಾಕೆ? ನಮ್ಮವರು ಅಂತ ಹೇಳ್ತೀನಿ, ಬೇರೆ ಕಡೆ ಒಂದು ರೂಮು ನೋಡ್ಕೊಳ್ಳಿ.”

ಚಿತ್ರಾ ಅಡುಗೆಮನೆಯಿಂದ ಸೇರಿಸಿದರು. “ಧನಿಷ್ಠಾ ಅಂದ್ರೆ ಸುಮ್ನೆ ಅಲ್ಲ ತಾಯಮ್ಮ. ಆ ಮನೆ ನಿಮಗೆ ಒಳ್ಳೇದಲ್ಲ.”

“ಹದಿನಾಲ್ಕನೇ ದಿನ ನಮ್ಮವ್ವನ್ನ ಕರೆಸಿದ್ರಲ್ರಿ ಅಮ್ಮಾರ,” ಅಂದೆ. “ಮುಸುರಿ ತಿಕ್ಕಾಕ ನಕ್ಷತ್ರ ಅಡ್ಡ ಬರಲಿಲ್ಲೇನ್ರಿ?”

“ಏನೋ ಮಾತು ಅದು? ಮರ್ಯಾದೆ ಇಲ್ವಾ?” ರಾಮಚಂದ್ರ ಎದ್ದು ನಿಂತರು. “ಕನ್ನಡದವರು ಅಂತ ಬಿಟ್ಕೊಂಡ್ರೆ ಹೀಗೆ!”

ತೊಟ್ಟಿಯ ಸದ್ದು ನಿಂತಿತು. ಅವ್ವ ಕೈ ಒರೆಸಿಕೊಂಡು ಬಂದಳು. ಕುಕ್ಕರು ಅರ್ಧ ತಿಕ್ಕಿ ಬಿಟ್ಟಿದ್ದಳು, ಸೋಪಿನ ನೊರೆ ಹಾಗೇ ಇತ್ತು.

“ತಾಯಮ್ಮ, ಪಾತ್ರೆ?” ಅಂದರು ಚಿತ್ರಾ.

“ನೀವ ತಿಕ್ಕೋರಿ,” ಅಂದಳು ಅವ್ವ. ಅವಳು ಯಾರಿಗೂ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಓಣಿ ಮುಟ್ಟಿದ ಮೇಲೆ ಕೇಳಿದಳು. “ಇನ್ನ ಎಷ್ಟು ದಿನ ಅದ?”

“ಹತ್ತೊಂಬತ್ತು.”

ಅವಳು ಟಾರ್ಪಾಲಿನ ಕಡೆ ಹೋಗಲಿಲ್ಲ. ನೇರ ಬಾಗಿಲಿಗೆ ಹೋದಳು. ಬರಿಗೈಯಿಂದ ಜಾಲಿಮುಳ್ಳು ಹಿಡಿದು ಜಗ್ಗಿದಳು. ಐದು ತಿಂಗಳ ಒಣಮುಳ್ಳು. ಅಂಗೈ ಹರಿಯಿತು. ಪದ್ಮಾ ಓಡಿಬಂದು, “ಏಟಿ ಪಿನ್ನೀ ಇದು, ಪಿಚ್ಚಾ!” ಅಂತ ಕೂಗಿದಳು. ಹುಚ್ಚೇನು ಅಂತ ಕೇಳಿದ್ದು.

“ಹೌದು, ಹುಚ್ಚು. ಈಗ ಬಿಟ್ಟದ,” ಅಂದಳು ಅವ್ವ. ರಕ್ತದ ಕೈಯಲ್ಲೇ ಬೀಗ ತೆಗೆದಳು. “ನಿಮ್ಮಪ್ಪ ನಮ್ಮನ್ನ ಕೊಲ್ಲಾವಲ್ಲ ಹುಲಿಗೆಪ್ಪ. ಆರು ವರ್ಷ ಮಣ್ಣು ತೋಡಿ ನಮ್ಮನ್ನ ಸಾಕ್ಯಾನ ಅವ. ಕೊಲ್ಲಾವ ಬ್ಯಾರೆ ಅದಾನ. ನಾನ ಅವನ ಮಾತು ಕೇಳಿ ನನ್ನ ಗಂಡಗ ಹೆದರಿದೆ.”

ಒಳಗೆ ಹಾಸಿಗೆಯನ್ನು ಇಲಿ ಹರಿದಿತ್ತು. ಗೋಡೆಗೆ ಬೂಸು. ಮೊಳೆಗೆ ಅಪ್ಪನ ಅಂಗಿ. ಅವ್ವ ಕಸ ಹೊಡೆದು ಸ್ಟೋವು ಒಳಗೆ ತಂದು ಹಚ್ಚಿದಳು. ಅನ್ನ ಬೇಯಿತು. ಉಂಡೆವು. ಮಲಗಿದೆವು. ಯಾರೂ ಸಾಯಲಿಲ್ಲ.

ಮಾರನೇ ದಿನ ದುರ್ಗಾಪ್ರಸಾದ್ ಬಂದು ಹೊಸ್ತಿಲ ಹೊರಗೆ ಕುಣಿದ. “ಯಾರನ್ನ ಕೇಳಿ ತೆಗೆದಿರಿ? ದೋಷ ನನ್ನ ವಂಶಕ್ಕೆ ತಟ್ಟುತ್ತದೆ!”

“ತಟ್ಟಲಿ,” ಅಂದಳು ಅವ್ವ.

ಒಂದು ವಾರ ಬಿಟ್ಟು ನಮ್ಮ ಗ್ಯಾಂಗಿನ ಮೇಸ್ತ್ರಿ ರಾಮಮೋಹನ್ ಬಂದ. ಸಿಹಿಯಾಗಿ ಮಾತಾಡಿದ. “ವಿಜಯವಾಡದಲ್ಲಿ ಕೆಲಸ ಬಂದಿದೆ ತಮ್ಮುಡೂ. ಭವಾನಿಪುರಂ, ಕೃಷ್ಣಾ ನದಿ ಪಕ್ಕ. ಎಂಟು ತಿಂಗಳ ಪೈಪಿನ ಕೆಲಸ. ಇರಲು ಶೆಡ್ಡು ಕೊಡ್ತೀನಿ. ಅಮ್ಮನ್ನೂ ಕರ್ಕೊಂಡು ಬಾ. ನಾಳೆ ಬೆಳಿಗ್ಗೆ ಲಾರಿ.”

“ನಾಳೆನೇ ಯಾಕೆ?”

ಅವನು ಬೇರೆ ಕಡೆ ನೋಡಿದ.

“ನಾಡಿದ್ದು ಮನಿ ಒಡ್ಯಾಕ ಮಿಷನ್ ಬರ್ತದ, ಅದಕ್ಕ,” ಅಂದೆ. “ನಿನಗ ದುರ್ಗಾಪ್ರಸಾದ್ ಹೇಳಿ ಕಳಿಸ್ಯಾನ. ಹೌದಿಲ್ಲ?”

“ಅಲ್ಲಿ ಕೆಲಸ ಮುಗಿಸಿ ಬಂದ್ರೆ ಇಲ್ಲೂ ಕೆಲಸ ಇದೆ. ಈ ಕಾಂಪ್ಲೆಕ್ಸಿನ ಪಾಯ ನನಗೇ ಸಿಕ್ಕಿದೆ. ನಿನ್ನನ್ನೇ ಹಚ್ಚುತ್ತೀನಿ.”

ನನ್ನ ಮನೆಯ ಮೇಲೆ ನಾನೇ ಪಾಯ ತೋಡಬೇಕು. ಕೂಲಿಯನ್ನೂ ಕೊಡುತ್ತಾನಂತೆ. ನಾನು ಅವನ ಮುಖಕ್ಕೆ ನಕ್ಕೆ. “ಪಾಯ ನಾ ತೋಡ್ತೀನಿ ಮೇಸ್ತ್ರಿ. ಎಲ್ಲಿ ತೋಡಬೇಕು ಅಂತ ನಾ ನೋಡ್ಕೋತೀನಿ.”

ಗ್ಯಾಂಗಿನಲ್ಲಿ ಹತ್ತು ಜನ ನಮ್ಮ ಕಡೆಯವರು. ಆರು ಜನ ಲಾರಿ ಹತ್ತಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಹೊಟ್ಟೆ ಇದೆ. ನಾಲ್ಕು ಜನ ಉಳಿದರು. ನನ್ನ ಸೇರಿಸಿ ಐದು. ಐದು ಹಾರೆ, ಐದು ಸಲಿಕೆ. ತಾಟಿಗುಂಟಕ್ಕೆ ಮಿಷನ್ ಬರಲು ಒಂದೇ ದಾರಿ, ಆ ಓಣಿಯ ಬಾಯಿ. ಎಡಕ್ಕೆ ಬ್ಯಾಂಕಿನ ಗೋಡೆ, ಬಲಕ್ಕೆ ಹೋಟೆಲಿನ ಗೋಡೆ.

ಮಿಷನ್ ಬರುವ ದಿನ ಬೆಳಗಾಗುತ್ತಿದ್ದಂತೆ ಶುರು ಮಾಡಿದೆವು. ಗೋಡೆಯಿಂದ ಗೋಡೆಗೆ ಸುಣ್ಣದ ಗೆರೆ ಹಾಕಿದೆ. ಮೇಲಿನ ಡಾಂಬರು ಹಾರೆಯಲ್ಲಿ ಎಬ್ಬಿಸಿದೆವು. ಕೆಳಗೆ ಜಲ್ಲಿ, ಅದರ ಕೆಳಗೆ ಹಳೇ ಕೆರೆಯ ಕಪ್ಪು ಮಣ್ಣು, ಬೆಣ್ಣೆಯ ಹಾಗೆ ಬಂತು. ತೋಳು ಬಿದ್ದುಹೋಗುತ್ತಿತ್ತು. ಆರು ವರ್ಷ ಎಲ್ಲರ ಫೋನಿಗೆ, ಎಲ್ಲರ ನೀರಿಗೆ ತೋಡಿದ್ದೆವು. ಅಂಗಡಿಯವರು, “ಬೇಗ ಮುಚ್ಚಿರೋ, ಗಿರಾಕಿ ಬರಬೇಕು” ಅಂತ ಬೈದದ್ದನ್ನು ಕೇಳಿದ್ದೆವು. ಈ ಗುಂಡಿಗೆ ಕೇಬಲ್ಲೂ ಇಲ್ಲ, ಪೈಪೂ ಇಲ್ಲ. ಒಂಬತ್ತು ಗಂಟೆಗೆ ಎದೆಯಾಳ ಆಯಿತು.

ಹಳದಿ ಮಿಷನ್ ಬಂತು. ಹಿಂದೆ ಪೊಲೀಸ್ ವ್ಯಾನು. ಡ್ರೈವರ್ ಇಳಿದು ಗುಂಡಿ ನೋಡಿ ನಕ್ಕ. “ಇದೆಷ್ಟು? ನಾಲ್ಕು ಬಕೆಟ್ ಮಣ್ಣು ಹಾಕಿದರೆ ಮುಗೀತು.”

ಅವನು ಸೀಟಿಗೆ ಹತ್ತುವಷ್ಟರಲ್ಲಿ ಅವ್ವ ಗುಂಡಿಗೆ ಇಳಿದಳು. ಇಳಿದು ಕೂತಳು. ನೆತ್ತಿ ಮಾತ್ರ ಕಾಣುತ್ತಿತ್ತು.

“ಹಾಕು,” ಅಂದಳು ಒಳಗಿನಿಂದ. “ಮಣ್ಣು ಹಾಕು.”

ಪದ್ಮಾ ಹೂವಿನ ಬುಟ್ಟಿ ಬದಿಗಿಟ್ಟು ಇಳಿದಳು. ದುರ್ಗಾಪ್ರಸಾದನ ಎಂಟು ಕೋಣೆಯ ಹೆಂಗಸರೂ ಇಳಿದರು. “ಸ್ವಲ್ಪ ಆಚೆ ಸರಿಯಿರಮ್ಮಾ, ನಾನು ದಪ್ಪ ಇದ್ದೀನಿ,” ಅಂತ ಒಬ್ಬಳು ಅಂದದ್ದಕ್ಕೆ ಗುಂಡಿಯೊಳಗಿಂದ ನಗು ಬಂತು. ನಾವು ಐದು ಜನ ಗುಂಡಿಯ ಅಂಚಿಗೆ ಹಾರೆ ಊರಿ ನಿಂತೆವು.

ದುರ್ಗಾಪ್ರಸಾದ್ ಕಾಂಪ್ಲೆಕ್ಸು ಕಟ್ಟುವ ಬಿಲ್ಡರನ ಕಾರಿನಿಂದ ಇಳಿದ. ಬಿಳಿ ಅಂಗಿ, ಹಣೆಗೆ ಕುಂಕುಮ. ಬಿಲ್ಡರ್ ಅವನ ಕಿವಿಯಲ್ಲಿ ಏನೋ ಹೇಳಿದ. ದುರ್ಗಾಪ್ರಸಾದನ ಮುಖ ಕಪ್ಪಾಯಿತು. ಗುಂಡಿಯ ಹತ್ತಿರ ಬಂದು ಬಗ್ಗಿ, ಅವ್ವನಿಗೆ ಬರೆಯಲಾಗದ ಮಾತು ಅಂದ. ಜಾತಿ ಎತ್ತಿದ, ಸತ್ತ ಅಪ್ಪನ ಹೆಸರು ಎತ್ತಿದ.

ಅವ್ವ ಕೆಸರು ಮೆತ್ತಿದ ಕೈಯಿಂದ ಅವನ ಕಾಲು ಹಿಡಿದಳು. ಬೇಡಿಕೊಳ್ಳುತ್ತಾಳೆ ಅಂದುಕೊಂಡ. ಅವಳು ಜಗ್ಗಿದಳು. ಬಿಳಿ ಅಂಗಿ ಕುಂಡೆಯ ಮೇಲೆ ಕೂತು ಗುಂಡಿಗೆ ಜಾರಿತು. ಹೆಂಗಸರ ಮಡಿಲಲ್ಲಿ ಬಿದ್ದ.

“ಈಗ ಮಣ್ಣು ಹಾಕ್ರಿ,” ಅಂದಳು ಅವ್ವ. “ಮಾಲೀಕನೂ ಒಳಗ ಅದಾನ.”

ಆಮೇಲೆ ಲಾಠಿ ಬಿತ್ತು. ನನ್ನ ಮೊಣಕೈ ಮೂಳೆ ಮುರಿಯಿತು, ಇವತ್ತಿಗೂ ಸಲಿಕೆ ಪೂರ್ತಿ ಎತ್ತಲಾಗುವುದಿಲ್ಲ. ಹೆಣ್ಣು ಪೊಲೀಸರು ಅವ್ವನನ್ನು ಕೂದಲು ಹಿಡಿದು ಎಳೆದರು. ಎಲ್ಲರನ್ನೂ ವ್ಯಾನಿಗೆ ತುಂಬಿದರು. ಉಳಿದವರನ್ನು ಸಂಜೆ ಬಿಟ್ಟರು. ಅವ್ವನನ್ನೂ ನನ್ನನ್ನೂ ಬಿಡಲಿಲ್ಲ. ದುರ್ಗಾಪ್ರಸಾದ್ ಕೆಸರಿನ ಅಂಗಿಯಲ್ಲೇ ಸ್ಟೇಷನ್ನಿಗೆ ಬಂದು ಕಂಪ್ಲೇಂಟು ಬರೆಸಿದ. ಆ ಹೊತ್ತಿಗೆ ತಾಟಿಗುಂಟ ಮಣ್ಣಾಗಿತ್ತು. ನಾವು ತೋಡಿದ್ದನ್ನು ನಿಜವಾಗಿಯೂ ನಾಲ್ಕೇ ಬಕೆಟ್ಟಿನಲ್ಲಿ ಮುಚ್ಚಿದ್ದರು.

ಜಾಮೀನು ಸಿಕ್ಕಿತು. ಎರಡು ತಿಂಗಳಾದ ಮೇಲೆ ಕೋರ್ಟಿನಲ್ಲಿ ನಮ್ಮ ಕೈಗೊಂದು ಕಾಗದದ ಕಟ್ಟು ಕೊಟ್ಟರು. ಆಪಾದಿತರಿಗೆ ಪುಕ್ಕಟೆ ಕೊಡುತ್ತಾರಂತೆ. ಮೆಟ್ಟಿಲ ಮೇಲೆ ಕೂತು ಅಕ್ಷರ ಅಕ್ಷರ ಕೂಡಿಸಿ ಓದಿದೆ. ದುರ್ಗಾಪ್ರಸಾದನ ಕಂಪ್ಲೇಂಟು. ಕೆಳಗೆ ಅವನ ಸಹಿ, ಪೊಲೀಸರ ಮೊಹರು.

“ತಾಟಿಗುಂಟದ ನನ್ನ ನಲವತ್ತೊಂದನೇ ನಂಬರಿನ ಮನೆಯಲ್ಲಿ ಆರು ವರ್ಷಗಳಿಂದ ಬಾಡಿಗೆಗೆ ವಾಸವಿದ್ದ ತಾಯಮ್ಮ ಹಾಗೂ ಆಕೆಯ ಮಗ ಹುಲಿಗೆಪ್ಪ, ಖಾಲಿ ಮಾಡಲು ಒಪ್ಪದೆ, ನನ್ನನ್ನು ಗುಂಡಿಗೆ ಕೆಡವಿ...”

ನಾನು ಎರಡು ಸಲ ಓದಿದೆ. ಆಮೇಲೆ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಸಿಟ್ಟಿನಲ್ಲಿ ಅವನು ನಿಜ ಬರೆಸಿಬಿಟ್ಟಿದ್ದ.

ಅದರ ನಕಲು ಮಾಡಿಸಿ ಕೃಷ್ಣಪ್ರಸಾದನ ಮೇಜಿನ ಮೇಲೆ ಬಡಿದೆ. “ಚೀಟಿ ಕೇಳಿದ್ರಲ್ಲ. ತಗೋರಿ ಚೀಟಿ.” ಅವನು ಓದಿದ. ಕನ್ನಡಕ ತೆಗೆದ, ಹಾಕಿಕೊಂಡ. ಒಳಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದ. “ಕೇಸು ತೀರುವವರೆಗೆ ನಲವತ್ತೊಂದರ ಫ್ಲಾಟು ಯಾರಿಗೂ ಇಲ್ಲ. ತೀರಿದ ಮೇಲೆ ಕೋರ್ಟಿನಲ್ಲಿ ಸಾಬೀತಾದದ್ದನ್ನ ನೋಡ್ತೀವಿ. ಕೇಸೇ ವಾಪಸ್ಸಾದರೆ ಹಳೇ ಪಟ್ಟಿ,” ಅಂದ.

ನಾಲ್ಕನೇ ದಿನಕ್ಕೆ ದುರ್ಗಾಪ್ರಸಾದ್ ನಮ್ಮನ್ನು ಹುಡುಕಿಕೊಂಡು ಬಂದ. ಕಟ್ಟಡದ ಜಾಗಕ್ಕೆ ತಗಡು ಹೊಡೆದಿದ್ದರು, ಅದರ ಹೊರಗೆ ನಮ್ಮ ಟಾರ್ಪಾಲು. ಈ ಸಲ ಅವನು ಕೆಮ್ಮಲಿಲ್ಲ. ಬಗ್ಗಿ ಒಳಗೇ ಬಂದ. ನೆಲದ ಮೇಲೆ ಕೂತ.

“ತಾಯಮ್ಮಗಾರು,” ಅಂದ. ಗಾರು ಅಂದ, ದೊಡ್ಡವರಿಗೆ ಮರ್ಯಾದೆ ಕೊಟ್ಟು ಕರೆಯುವ ಹಾಗೆ. “ಆಗಿದ್ದು ಆಗಿ ಹೋಯ್ತು. ನಾನು ಕೇಸು ವಾಪಸ್ ತಗೋತೀನಿ. ಈ ರಾಜಿ ಕಾಗದಕ್ಕೆ ನೀವಿಬ್ಬರೂ ಒಂದು ಹೆಬ್ಬೆಟ್ಟು ಒತ್ತಿದರೆ ಸಾಕು. ಜೈಲಿಲ್ಲ, ದಂಡ ಇಲ್ಲ, ಓಡಾಟ ಇಲ್ಲ.”

“ನನಗ ಸಹಿ ಮಾಡಾಕ ಬರ್ತದ,” ಅಂದೆ. “ಮಾಡಂಗಿಲ್ಲ.”

“ಹುಡುಗ ಬುದ್ಧಿ. ಅಮ್ಮಾ, ನೀವು ಹೇಳಿ. ಶಿಕ್ಷೆ ಆದರೆ ಜೈಲು.”

ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. “ಜೈಲಿಗೆ ಸೂರು ಇರ್ತದಲ್ಲ?”

ಅವನು ಕೈ ಮುಗಿದ. “ನನ್ನ ಮಗಳ ಫ್ಲಾಟು ನಿಂತುಹೋಗಿದೆ ತಾಯಿ.”

“ಕೇಸು ಹಾಕಿದಾವ ನೀನ,” ಅಂದಳು ಅವ್ವ. “ನಡಸು. ಜಡ್ಜ್ ಮುಂದ ಕಟಕಟಿ ಹತ್ತಿ ನಿಂತು, ನಾವು ಎಲ್ಲಿದ್ವಿ, ಎಷ್ಟು ವರ್ಷ ಇದ್ವಿ ಅಂತ ನಿನ್ನ ಬಾಯಿಂದ ಹೇಳು. ನಾ ಕೆಳಗ ನಿಂತು ಕೇಳ್ತೀನಿ.”

ಅವನು ರಾಜಿ ಕಾಗದ ಮಡಚುತ್ತ ಕೂತ. ಅವ್ವ ಒಂದು ಕಲ್ಲು ಆರಿಸಿ ಅವನ ಪಕ್ಕದಿಂದ ಹೊರಗೆ ಎಸೆದಳು.

“ಏಳು. ಇದು ನಮ್ಮ ಮನಿ. ಖಾಲಿ ಮಾಡು.”